ಯಾವ ಹೊಸಳ್ಳಿ? ಆಂಬುಲೆನ್ಸ್‌ಗೆ ಕರೆ ಮಾಡುವಾಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ

ವಯಸ್ಸಾದ ಅಪ್ಪ ಅಮ್ಮನನ್ನು ಊರಿನಲ್ಲಿ ಬಿಟ್ಟು ಬೆಂಗಳೂರಿನಲ್ಲೋ ಹೊರದೇಶದಲ್ಲೋ ದುಡಿಯುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇದು ಆಂಬುಲೆನ್ಸ್ ಸಿಬ್ಬಂದಿಯ ಮೇಲಿನ ದೂರಲ್ಲ. ಅಂದು ನಮಗೆ ಒಂದು ಗಂಟೆಗೂ ಹೆಚ್ಚು ಹೊತ್ತು ನಷ್ಟವಾಯಿತು, ಅದರಲ್ಲಿ ದೊಡ್ಡ ಪಾಲು ನನ್ನದೇ.

ಕಳೆದ ವರ್ಷ ಆಷಾಢದ ಒಂದು ಬೆಳಗ್ಗೆ 5:40ಕ್ಕೆ ಅಮ್ಮನ ಫೋನ್ ಬಂತು. ಮಲೆನಾಡಿನ ನಮ್ಮದು ತೋಟದ ನಡುವಿನ ಒಂಟಿಮನೆ. ಮೊಬೈಲ್ ಸಿಗ್ನಲ್ ಸಿಗುವುದು ಜಗಲಿಯ ಕೊನೆಯ ಕಂಬದ ಹತ್ತಿರ ಮಾತ್ರ. ಅಲ್ಲಿ ನಿಂತು ಮಳೆಯ ಸದ್ದಿನ ನಡುವೆ ಅಮ್ಮ ಕೂಗಿ ಹೇಳಿದಳು: ‘ಅಪ್ಪಯ್ಯ ಕೊಟ್ಟಿಗೆಯಲ್ಲಿ ಕುಸಿದು ಕೂತಿದ್ದಾರೆ. ಬಾಯಿ ಓರೆಯಾಗಿದೆ, ಬಲಗೈ ಎತ್ತಲು ಆಗುತ್ತಿಲ್ಲ. ಐದೂಕಾಲಿಗೆ ಹಾಲು ಕರೆಯಲು ಹೋಗುವಾಗ ಚೆನ್ನಾಗಿಯೇ ಇದ್ದರು.’

‘ನೀನು ಗಾಬರಿಯಾಗಬೇಡ, ಆಂಬುಲೆನ್ಸ್ ನಾನು ಕರೆಸುತ್ತೇನೆ’ ಎಂದು ಫೋನ್ ಇಟ್ಟೆ. ತಪ್ಪು ಶುರುವಾದದ್ದು ಅಲ್ಲಿಂದಲೇ.

ಬೆಂಗಳೂರಿನಿಂದ 108ಕ್ಕೆ ಕರೆ ಮಾಡಿದೆ. ಕರೆ ತೆಗೆದುಕೊಂಡ ಹೆಣ್ಣುಮಗಳು ಸಮಾಧಾನವಾಗಿಯೇ ಕೇಳಿದಳು. ಊರು ಹೊಸಳ್ಳಿ ಎಂದೆ, ತಾಲ್ಲೂಕು ಹೇಳಿದೆ. ‘ಹೋಬಳಿ ಯಾವುದು ಸರ್? ಹತ್ತಿರದ ಗುರುತು ಏನು?’ ಎಂದಳು. ‘ಆಂಜನೇಯ ದೇವಸ್ಥಾನದ ಹತ್ತಿರ. ಅದನ್ನೆಲ್ಲ ಕೇಳುತ್ತಾ ಕೂರಬೇಡಿ, ಮೊದಲು ಗಾಡಿ ಕಳುಹಿಸಿ’ ಎಂದು ದನಿ ಏರಿಸಿದೆ. ರೋಗಿಗೆ ಪ್ರಜ್ಞೆ ಇದೆಯೇ, ಉಸಿರಾಟ ಹೇಗಿದೆ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಾನಿದ್ದದ್ದು ಮುನ್ನೂರು ಕಿಲೋಮೀಟರ್ ಆಚೆ.

ನಮ್ಮ ತಾಲ್ಲೂಕಿನಲ್ಲಿ ಎರಡು ಹೊಸಳ್ಳಿಗಳಿವೆ. ಅದು ನನಗೆ ಗೊತ್ತಿರಲಿಲ್ಲವೆಂದಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯ ಕಾಗದಗಳು ಎಷ್ಟೋ ಸಲ ಆ ಊರಿಗೆ ಹೋಗಿ ಬಂದಿವೆ. ಆದರೆ ಆ ಗಳಿಗೆಯಲ್ಲಿ ನನ್ನ ಪಾಲಿಗೆ ಜಗತ್ತಿನಲ್ಲಿ ಒಂದೇ ಹೊಸಳ್ಳಿ ಇತ್ತು. ಆಂಜನೇಯನ ಗುಡಿಯಂತೂ ಇಲ್ಲದ ಊರಿಲ್ಲ. ಗಾಡಿ ಆ ಇನ್ನೊಂದು ಹೊಸಳ್ಳಿಗೆ ಹೋಯಿತು, ನಮ್ಮ ಮನೆಯಿಂದ ಇಪ್ಪತ್ತಾರು ಕಿಲೋಮೀಟರ್ ದೂರಕ್ಕೆ.

ಅಲ್ಲಿಗೆ ತಲುಪಿದ ಪೈಲಟ್ (108ರ ಚಾಲಕರನ್ನು ಹಾಗೆಯೇ ಕರೆಯುತ್ತಾರೆ) ಮನೆ ಸಿಗದೆ ನನಗೆ ಫೋನ್ ಮಾಡಿದ್ದಾರೆ. ಒಂದಲ್ಲ, ನಾಲ್ಕು ಸಲ. ನನ್ನ ಫೋನ್ ಬಿಡುವಿರಲಿಲ್ಲ. ಅಕ್ಕನಿಗೆ, ಭಾವನಿಗೆ, ಶಿವಮೊಗ್ಗದ ಮಾವನಿಗೆ ಸುದ್ದಿ ಹೇಳುತ್ತಿದ್ದೆ. ನಡುವೆ ಇಂಟರ್‌ನೆಟ್‌ನಲ್ಲಿ ಹುಡುಕಿ ಖಾಸಗಿ ಆಂಬುಲೆನ್ಸ್ ಎಂದಿದ್ದ ಒಂದು ನಂಬರಿಗೂ ಕರೆ ಮಾಡಿದೆ. ‘ನಿಮ್ಮ ತಾಲ್ಲೂಕಿನಲ್ಲೇ ನಮ್ಮ ಗಾಡಿ ಇದೆ, ಎರಡು ಸಾವಿರ ಮುಂಗಡ ಹಾಕಿ’ ಎಂದರು. ಹಾಕಿದೆ. ಆ ಗಾಡಿ ಇವತ್ತಿಗೂ ಬಂದಿಲ್ಲ, ಆ ನಂಬರ್ ಮತ್ತೆ ಉತ್ತರಿಸಲಿಲ್ಲ. ಹಣ ಹೋದದ್ದಕ್ಕಿಂತ, ಪೈಲಟ್ ನನ್ನನ್ನು ಹುಡುಕುತ್ತಿದ್ದ ಆರೇಳು ನಿಮಿಷವನ್ನು ಅವರು ತಿಂದರು ಎಂಬುದು ನನ್ನನ್ನು ಹೆಚ್ಚು ಸುಡುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಮನೆಯಲ್ಲಿ ನಡೆಯುತ್ತಿತ್ತು. ಅಪ್ಪಯ್ಯನಿಗೆ ಬಿಸಿಯಾಗಿ ಏನಾದರೂ ಕೊಟ್ಟರೆ ಚೇತರಿಸಿಕೊಳ್ಳಬಹುದೆಂದು ಅಮ್ಮ ಕಷಾಯ ಕುಡಿಸಲು ಹೋಗಿದ್ದಾಳೆ. ಎರಡನೇ ಗುಟುಕು ನೆತ್ತಿಗೆ ಹತ್ತಿ ಮುಖ ಕಪ್ಪಿಟ್ಟಿತು. ಮೇಲಿನಮನೆ ಚಿಕ್ಕಪ್ಪ ಅಷ್ಟರಲ್ಲಿ ಓಡಿ ಬಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿದ್ದರಿಂದ ಉಳಿದರು. ಲಕ್ವ ಹೊಡೆದಾಗ ನುಂಗುವ ಶಕ್ತಿಯೂ ಕುಂದಬಹುದು, ಬಾಯಿಗೆ ನೀರನ್ನೂ ಹಾಕಬಾರದು. 108ಕ್ಕೆ ಅಮ್ಮನೇ ಕರೆ ಮಾಡಿದ್ದರೆ ಆ ಮಾತನ್ನು ಅವಳ ಕಿವಿಗೆ ಹಾಕುವವರು ಒಬ್ಬರಾದರೂ ಇರುತ್ತಿದ್ದರು. ನಡುವೆ ನಾನು ನಿಂತು ಆ ದಾರಿಯನ್ನು ಮುಚ್ಚಿದ್ದೆ.

ಗಾಡಿ ಮನೆಗೆ ಬಂದಾಗ 7:35. ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿ ಶಿವಮೊಗ್ಗಕ್ಕೆ ಬರೆದುಕೊಟ್ಟರು. ಸ್ಕ್ಯಾನ್ ಟೇಬಲ್ ಮೇಲೆ ಅಪ್ಪಯ್ಯ ಮಲಗುವಾಗ ಹತ್ತು ಗಂಟೆ ದಾಟಿತ್ತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಲೆಕ್ಕ ಶುರುವಾಗುವುದು ರೋಗಿ ಕೊನೆಯ ಬಾರಿ ಸರಿಯಾಗಿದ್ದ ಹೊತ್ತಿನಿಂದ. ಐದೂಕಾಲರಿಂದ ಎಣಿಸಿದರೆ ನಮ್ಮ ಗಡುವು 9:45. ಗಾಡಿ ನೇರ ನಮ್ಮ ಹೊಸಳ್ಳಿಗೇ ಬಂದಿದ್ದರೆ ಒಂಬತ್ತಕ್ಕೆಲ್ಲ ಶಿವಮೊಗ್ಗದಲ್ಲಿರುತ್ತಿದ್ದೆವು. ಆಗ ಮದ್ದು ಕೆಲಸ ಮಾಡುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು. ಕೊಡುವ ಅವಕಾಶವಾದರೂ ವೈದ್ಯರಿಗೆ ಇರುತ್ತಿತ್ತು.

ಆಮೇಲೆ ಆ ಪೈಲಟ್ ಅವರನ್ನೇ ಕಂಡು ಮಾತನಾಡಿದೆ. ಅವರು ಹೇಳಿದ್ದನ್ನು ಕೇಳಿದ ಮೇಲೆ ಈ ವ್ಯವಸ್ಥೆ ಎಷ್ಟರಮಟ್ಟಿಗೆ ನಮ್ಮ ಬಾಯಿಮಾತಿನ ಮೇಲೆ ನಿಂತಿದೆ ಎಂಬುದು ಅರ್ಥವಾಯಿತು. ಕರೆ ತೆಗೆದುಕೊಳ್ಳುವವರು ನಮ್ಮ ತಾಲ್ಲೂಕನ್ನು ಕಣ್ಣಿನಲ್ಲಿ ಕಂಡವರಲ್ಲ, ದೂರದ ಕೇಂದ್ರದಲ್ಲಿ ಪರದೆಯ ಮುಂದೆ ಕುಳಿತವರು. ಮೊಬೈಲ್ ಟವರ್ ಆಧಾರದಲ್ಲಿ ಜಾಗ ಗೊತ್ತಾಗುವುದಾದರೂ ಹಳ್ಳಿಯ ಕಡೆ ಒಂದು ಟವರ್ ಹಲವು ಕಿಲೋಮೀಟರ್ ಸುತ್ತಳತೆಗೆ ಹಬ್ಬಿರುತ್ತದೆ. ರಾಜ್ಯದ ಗಡಿಯಲ್ಲಿ ಪಕ್ಕದ ರಾಜ್ಯದ ಟವರ್ ಹಿಡಿದರೆ ಕರೆಯೇ ಅತ್ತ ಹೋಗುವುದುಂಟು. ನನ್ನಂತೆ ಬೆಂಗಳೂರಿನಿಂದ ಕರೆ ಮಾಡಿದರೆ ಆ ಅಲ್ಪ ಸಹಾಯವೂ ಇಲ್ಲ. ಬೆಂಗಳೂರಿನವರು ಇದು ಹಳ್ಳಿಯ ಸಮಸ್ಯೆ ಎಂದುಕೊಳ್ಳಬೇಡಿ. ‘ಮೂರನೇ ಮುಖ್ಯರಸ್ತೆ, ಐದನೇ ಅಡ್ಡರಸ್ತೆ’ ಎನ್ನುವ ವಿಳಾಸ ಆ ನಗರದಲ್ಲಿ ಬಡಾವಣೆಗೊಂದು ಇದೆ. ಹಂತ, ಬ್ಲಾಕ್ ಬಿಟ್ಟು ಹೇಳಿದರೆ ಅದೂ ಒಂದು ಹೊಸಳ್ಳಿಯೇ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಊರಿನಿಂದ ಇಂಥ ಫೋನ್ ಬಂದರೆ ‘ನಾನು ಇಡುತ್ತೇನೆ, ನೀನೇ ಈಗಲೇ 108ಕ್ಕೆ ಮಾಡು’ ಎನ್ನಿ. ರೋಗಿಯ ಪಕ್ಕದಲ್ಲಿರುವವರು ಕರೆ ಮಾಡುವುದಕ್ಕೆ ಸಮನಾದದ್ದು ಯಾವುದೂ ಇಲ್ಲ. ಅವರಿಗೆ ಸಾಧ್ಯವೇ ಇಲ್ಲದಿದ್ದರೆ ನೀವು ಮಾಡಿ. ಆದರೆ ಮೊದಲ ಮಾತಿನಲ್ಲೇ ‘ನಾನು ಸ್ಥಳದಲ್ಲಿಲ್ಲ, ಅಲ್ಲಿರುವವರ ನಂಬರ್ ಬರೆದುಕೊಳ್ಳಿ’ ಎಂದು ತಿಳಿಸಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿ, ಹತ್ತಿರದ ಸರ್ಕಾರಿ ಶಾಲೆ, ಡಾಂಬರು ರಸ್ತೆಯಿಂದ ಒಳಕ್ಕೆ ತಿರುಗುವ ಜಾಗ, ಇಷ್ಟನ್ನೂ ಹೇಳಿ. ಬಳಿಕ ಗಾಡಿ ಬಾಗಿಲಿಗೆ ಬರುವವರೆಗೆ ಆ ಫೋನನ್ನು ಯಾರೂ ಬೇರೆಯದಕ್ಕೆ ಬಳಸಬೇಡಿ. ನೆಂಟರಿಗೆ ತಿಳಿಸುವುದು ಮಧ್ಯಾಹ್ನಕ್ಕೂ ಆಗುತ್ತದೆ. ತಿರುವಿನಲ್ಲಿ ಒಬ್ಬರನ್ನು ಬ್ಯಾಟರಿ ಕೊಟ್ಟು ನಿಲ್ಲಿಸಿ.

ಮನೆಯಲ್ಲಿ ಸಿಗ್ನಲ್ ಸಿಗದವರು ತುರ್ತು ಸಹಾಯದ 112ನ್ನೂ ನೆನಪಿಡಿ. ನಿಮ್ಮ ಸಿಮ್ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೊಂದು ಕಂಪನಿಯದು ಅಲ್ಲಿದ್ದರೆ ಆ ಕರೆ ಸಾಮಾನ್ಯವಾಗಿ ಹೋಗುತ್ತದೆ. ಒಂದೇ ನಂಬರನ್ನು ನಂಬಿಕೊಂಡೂ ಕೂರಬಾರದು. 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ತೊಂದರೆಯಿಂದ ರಾಜ್ಯದಲ್ಲಿ 108ರ ಸೇವೆಯೇ ಅಸ್ತವ್ಯಸ್ತವಾಗಿತ್ತು. ತಾಲ್ಲೂಕು ಆಸ್ಪತ್ರೆಯ ದೂರವಾಣಿ, ಊರಿನಲ್ಲಿ ಜೀಪು ಇರುವವರ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ಬೆಂಕಿಯ ವಿಷಯದಲ್ಲಿ ಇನ್ನೊಂದು ಮಾತು ಸೇರುತ್ತದೆ. ಎರಡು ಬೇಸಿಗೆಯ ಹಿಂದೆ ನಮ್ಮ ಕೆಳಗಿನ ಕೇರಿಯಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. 101ಕ್ಕೆ ಕರೆ ಹೋಯಿತು, ವಾಹನವೂ ಬೇಗನೆ ಬಂತು. ಆದರೆ ಸಾವಿರಾರು ಲೀಟರ್ ನೀರು ಹೊತ್ತ ಆ ಗಾಡಿ ಹಳ್ಳದ ಮೇಲಿನ ಕಿರುಮೋರಿಯನ್ನು ದಾಟಲಾಗದೆ ಆಚೆ ದಡದಲ್ಲೇ ನಿಂತಿತು. ಮೇಲಿನ ಕೇರಿಯಿಂದ ಸುತ್ತಿ ಬರುವ ಗಟ್ಟಿ ರಸ್ತೆ ಇದ್ದದ್ದನ್ನು ಫೋನಿನಲ್ಲಿ ಯಾರೂ ಹೇಳಿರಲಿಲ್ಲ. ದಾರಿ ಎಷ್ಟು ಅಗಲ, ನಡುವೆ ಮೋರಿ, ಉಣುಗೋಲು (ದಾರಿಗೆ ಅಡ್ಡ ಹಾಕುವ ಕೋಲುಗಳ ಗೇಟು), ಜೋತುಬಿದ್ದ ತಂತಿ ಇದೆಯೇ ಎಂಬುದನ್ನು ಮೊದಲೇ ಹೇಳಿದರೆ ಅವರು ಅದಕ್ಕೆ ತಕ್ಕ ದಾರಿ ಹಿಡಿಯುತ್ತಾರೆ.

ನಮ್ಮ ಜಗಲಿಯ ಆ ಕೊನೆಯ ಕಂಬಕ್ಕೆ ಈಗ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ಅಂಟಿಸಿದ್ದೇವೆ. ದಪ್ಪ ಅಕ್ಷರದಲ್ಲಿ ನಂಬರುಗಳು, ಅದರ ಕೆಳಗೆ ಫೋನಿನಲ್ಲಿ ಹಾಗೆಯೇ ಓದಿ ಹೇಳಬಹುದಾದ ವಿಳಾಸ, ‘ಇನ್ನೊಂದು ಹೊಸಳ್ಳಿ ಅಲ್ಲ’ ಎಂಬ ಸಾಲಿನ ಸಮೇತ. ಅಂಟಿಸುವ ಮುನ್ನ ಅಮ್ಮ ಎರಡು ಸಲ ಗಟ್ಟಿಯಾಗಿ ಓದಿ ನೋಡಿದಳು. ತಿರುವಿನ ಗುರುತಿಗೆ ನಾನು ಹಲಸಿನ ಮರ ಎಂದು ಬರೆದಿದ್ದೆ. ಅದು ಹೋದ ಮಳೆಗಾಲದಲ್ಲೇ ಬಿದ್ದುಹೋಗಿದೆ ಎಂದು ಅಪ್ಪಯ್ಯ ತಡವರಿಸುತ್ತಾ ಹೇಳಿ, ಎಡಗೈಯಲ್ಲಿ ಪೆನ್ನು ಹಿಡಿದು ಅದನ್ನು ಹೊಡೆದುಹಾಕಿ ‘ಹಾಲಿನ ಡೇರಿ’ ಎಂದು ತಿದ್ದಿದರು.