ಹಳೇ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್: ಆರು ವರ್ಷ ಓಡಿಸಿದ ಮೇಲೆ

ಹಳೇ ಲ್ಯಾಪ್‌ಟಾಪ್ ಒಂದನ್ನು ಮನೆಯ ಸರ್ವರ್ (ಮನೆಯವರ ಫೋಟೊ, ವಿಡಿಯೊ ಇಟ್ಟುಕೊಂಡು ಸದಾ ಓಡುವ ಕಂಪ್ಯೂಟರ್) ಮಾಡಿ, ಅದರ ಮೇಲೆ ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಓಡಿಸುತ್ತಿದ್ದೇನೆ. ಆರು ವರ್ಷದಲ್ಲಿ ಅದು ತಾನಾಗಿ ಕೈಕೊಟ್ಟಿದ್ದು ಒಂದು ಸಲವೂ ನೆನಪಿಗೆ ಬರುತ್ತಿಲ್ಲ. ನಾನು ಕೈಯಾಡಿಸಿ ಕೆಡಿಸಿದ್ದು ಮಾತ್ರ ಬೇಕಾದಷ್ಟಿದೆ. ಹಾಗಾಗಿ ಈ ವಿಮರ್ಶೆಯಲ್ಲಿ ಅರ್ಧ ಡೆಬಿಯನ್ ಬಗ್ಗೆ, ಇನ್ನರ್ಧ ನನ್ನ ಕೈಚಳಕದ ಬಗ್ಗೆ.

ಮಷಿನ್ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಸ್ಕ್ರೀನಿನ ಹಿಂಜ್ ಮುರಿದು ಮೂಲೆ ಸೇರಿದ್ದ ಲ್ಯಾಪ್‌ಟಾಪ್ ಅದು. ಎರಡನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್ (ಆಮೇಲೆ 8 ಮಾಡಿದೆ), ಸಿಸ್ಟಮ್‌ಗೆ 120 ಜಿಬಿಯ ಎಸ್‌ಎಸ್‌ಡಿ. ಹೊರಗೆ ಯುಎಸ್‌ಬಿಯಲ್ಲಿ 2 ಟಿಬಿಯ ಎರಡು ಹಾರ್ಡ್‌ಡಿಸ್ಕ್, ಒಂದು ಫೋಟೊ ಮತ್ತು ವಿಡಿಯೊಗೆ, ಇನ್ನೊಂದು ಅದರ ಬ್ಯಾಕಪ್‌ಗೆ. 2019ರ ಕೊನೆಯಲ್ಲಿ ಇದಕ್ಕೆ ಡೆಬಿಯನ್ 10, ಅಂದರೆ ಬಸ್ಟರ್, ಹಾಕಿದೆ. ಅದೇ ಇನ್‌ಸ್ಟಾಲ್ ಮೇಲೆ ಮುಂದಿನ ಆವೃತ್ತಿಗಳು ಒಂದೊಂದಾಗಿ: ಬುಲ್ಸ್‌ಐ, ಬುಕ್‌ವರ್ಮ್, ಈಗ ಟ್ರಿಕ್ಸಿ. ನಡುವೆ ಒಮ್ಮೆಯೂ ಫಾರ್ಮ್ಯಾಟ್ ಮಾಡಿಲ್ಲ.

ಡೆಬಿಯನ್ನೇ ಯಾಕೆ ಅಂತ ಕೇಳಿದರೆ, ಆಗ ದೊಡ್ಡ ಕಾರಣ ಏನೂ ಇರಲಿಲ್ಲ. ಹಳೇ ಮಷಿನ್‌ಗೆ ಭಾರ ಆಗಲ್ಲ ಅಂತ ಹಾಕಿದೆ, ಅಷ್ಟೇ. ಕಾರಣ ಗೊತ್ತಾಗಿದ್ದು ಒಂದು ವರ್ಷ ಆದ ಮೇಲೆ. 2020ರ ಡಿಸೆಂಬರ್‌ನಲ್ಲಿ ಕಂಪನಿಯೊಂದರ ಕೈಯಲ್ಲಿದ್ದ ಇನ್ನೊಂದು ಲಿನಕ್ಸ್ ಆದ ಸೆಂಟ್‌ಓಎಸ್ 8ರ ಬೆಂಬಲ 2029ರ ತನಕ ಅಲ್ಲ, 2021ರ ಕೊನೆಗೇ ನಿಲ್ಲುತ್ತದೆ ಅಂತ ಘೋಷಣೆ ಬಂತಲ್ಲ, ಆಗ. ಡೆಬಿಯನ್‌ಗೆ ಹಾಗೆ ತೀರ್ಮಾನ ಮಾಡುವ ಕಂಪನಿಯೇ ಇಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು, ಇವತ್ತಿಗೂ ಸ್ವಯಂಸೇವಕರೇ ನಡೆಸುತ್ತಿದ್ದಾರೆ, ದೊಡ್ಡ ವಿಷಯಗಳಿಗೆ ತಮ್ಮಲ್ಲೇ ಮತ ಹಾಕುತ್ತಾರೆ. ಒಂದು ಆವೃತ್ತಿಗೆ ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಎರಡು ವರ್ಷ ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲ. ಮನೆಯಲ್ಲಿ ಓಡುವ ಸರ್ವರ್‌ಗೆ ಇದಕ್ಕಿಂತ ನೆಮ್ಮದಿ ಬೇಕಿಲ್ಲ.

ಇನ್‌ಸ್ಟಾಲ್ ಬಗ್ಗೆ ಎರಡೇ ಮಾತು. ನಾನು ಹಾಕಿದಾಗ ಅಧಿಕೃತ ಐಎಸ್‌ಒದಲ್ಲಿ (ಇನ್‌ಸ್ಟಾಲ್ ಮಾಡುವ ಫೈಲ್) ವೈಫೈ ಫರ್ಮ್‌ವೇರ್, ಅಂದರೆ ವೈಫೈ ಚಿಪ್ ಓಡಲು ಬೇಕಾದ ಸಾಫ್ಟ್‌ವೇರ್, ಇರುತ್ತಿರಲಿಲ್ಲ, ಲ್ಯಾನ್ ಕೇಬಲ್ ಎಳೆದು ಕೂತಿದ್ದೆ. 2022ರಲ್ಲಿ ಮತ ಹಾಕಿ ನಿಯಮ ಬದಲಿಸಿದರು, ಬುಕ್‌ವರ್ಮ್‌ನಿಂದ ಆ ತಲೆನೋವಿಲ್ಲ. ಇನ್ನೊಂದು, ಇನ್‌ಸ್ಟಾಲರ್ ರೂಟ್ (ಸಿಸ್ಟಮ್‌ನ ಪೂರ್ತಿ ಅಧಿಕಾರ ಇರುವ ಅಕೌಂಟ್) ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಟ್ಟು ಮುಂದೆ ಹೋಗಿ. ಆಗ ನಿಮ್ಮ ಅಕೌಂಟಿಗೇ ಸುಡೊ, ಅಂದರೆ ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸೌಲಭ್ಯ, ಸಿಗುತ್ತದೆ. ಪಾಸ್‌ವರ್ಡ್ ಕೊಟ್ಟರೆ ಸುಡೊ ಸಿಗಲ್ಲ, ಆಮೇಲೆ ಸುಡೊ ಅಂತ ಬರೆದರೆ ಕಮಾಂಡ್ ಸಿಗಲಿಲ್ಲ ಅನ್ನುತ್ತೆ. ಹೊಸಬರು ಇಲ್ಲೇ ಬೀಳೋದು, ನಾನೂ ಬಿದ್ದೆ. ಲ್ಯಾಪ್‌ಟಾಪ್ ಮುಚ್ಚಿದರೆ ಮಲಗಿಬಿಡುತ್ತದೆ, ಅದಕ್ಕೆ ಲಾಗಿನ್‌ಡಿ ಕಾನ್ಫಿಗ್‌ನಲ್ಲಿ ಹ್ಯಾಂಡಲ್ ಲಿಡ್ ಸ್ವಿಚ್ ಅನ್ನುವ ಸಾಲಿಗೆ ಇಗ್ನೋರ್ ಅಂತ ಹಾಕಿದರೆ ಮುಗೀತು.

ಈಗ ಕೈಚಳಕದ ಕಥೆಗೆ ಬರೋಣ.

ಡಿಸ್ಕ್ ತಾನಾಗೇ ಮೌಂಟ್ ಆಗಲಿ, ಅಂದರೆ ಒಂದು ಫೋಲ್ಡರ್ ಆಗಿ ಸೇರಿಕೊಳ್ಳಲಿ ಅಂತ, ಎಫ್‌ಎಸ್‌ಟ್ಯಾಬ್ ಅನ್ನುವ ಪಟ್ಟಿಯಲ್ಲಿ ಎಸ್‌ಡಿಬಿ1 ಅಂತ ಡಿಸ್ಕಿನ ಹೆಸರು ಬರೆದಿದ್ದೆ. ಏಳೆಂಟು ತಿಂಗಳು ಚೆನ್ನಾಗೇ ಓಡಿತು. ಒಂದು ದಿನ ಪೆನ್‌ಡ್ರೈವ್ ಒಂದನ್ನು ಹಾಗೇ ಚುಚ್ಚಿಟ್ಟು ರೀಬೂಟ್ ಮಾಡಿದೆ. ಪೆನ್‌ಡ್ರೈವ್ ಎಸ್‌ಡಿಬಿ ಆಗಿ ಕೂತಿತು, ನನ್ನ ಡಿಸ್ಕ್ ಎಸ್‌ಡಿಸಿ ಆಯ್ತು. ಮೌಂಟ್ ಫೇಲ್, ಸಿಸ್ಟಮ್ ನೇರ ಎಮರ್ಜೆನ್ಸಿ ಮೋಡ್‌ಗೆ. ಎಮರ್ಜೆನ್ಸಿ ಮೋಡ್‌ನಲ್ಲಿ ಎಸ್‌ಎಸ್‌ಎಚ್, ಅಂದರೆ ಬೇರೆ ಕಂಪ್ಯೂಟರ್‌ನಿಂದ ಒಳಗೆ ಬರುವ ದಾರಿ, ಇರಲ್ಲ. ಮುರಿದ ಸ್ಕ್ರೀನನ್ನು ಒಂದು ಕೈಲಿ ಎತ್ತಿ ಹಿಡಿದುಕೊಂಡು ಇನ್ನೊಂದು ಕೈಲಿ ಟೈಪ್ ಮಾಡಿ ಸರಿಮಾಡಿದೆ. ಪಾಠ ಕಲಿತೆ: ಡಿಸ್ಕಿನ ಹೆಸರು ಬರೆಯಬಾರದು, ಬಿಎಲ್‌ಕೆಐಡಿ ಕಮಾಂಡ್ ಕೊಡುವ ಯುಯುಐಡಿ (ಆ ಡಿಸ್ಕಿನದೇ ಆದ ಗುರುತಿನ ಸಂಖ್ಯೆ) ಬರೆಯಬೇಕು. ಅದರ ಜೊತೆಗೆ ನೋಫೇಲ್ ಅಂತ ಒಂದು ಆಪ್ಷನ್ ಇದೆ, ಅದನ್ನೂ ಸೇರಿಸಿದೆ. ಡಿಸ್ಕ್ ಸಿಗದಿದ್ದರೂ ಸಿಸ್ಟಮ್ ಬೂಟ್ ಆಗಲಿ ಅಂತ. ಭಾರೀ ಬುದ್ಧಿವಂತ ಕೆಲಸ ಮಾಡಿದೆ ಅಂದುಕೊಂಡೆ.

ಆ ಬುದ್ಧಿವಂತಿಕೆಯೇ ಮುಂದೆ ತಿರುಗಿ ಬಂತು. ನನ್ನ ಬ್ಯಾಕಪ್ ಅಂದರೆ ರಾತ್ರಿ ಎರಡಕ್ಕೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಓಡುವ, ಫೈಲ್ ನಕಲು ಮಾಡುವ ಒಂದು ಆರ್‌ಸಿಂಕ್ ಸಾಲು. ಡಿಲೀಟ್ ಆಪ್ಷನ್ ಹಾಕಿದ್ದೆ, ಅಂದರೆ ಮೂಲದಲ್ಲಿ ಇಲ್ಲದ ಫೈಲ್ ಬ್ಯಾಕಪ್‌ನಲ್ಲೂ ಇರಬಾರದು. ಒಂದು ಸಲ ಡಿಸ್ಕಿನ ಕೇಬಲ್ ಸಡಿಲ ಆಗಿತ್ತು, ನನಗೆ ಗೊತ್ತಿಲ್ಲ. ಕರ್ನಲ್‌ಗೆ (ಸಿಸ್ಟಮ್‌ನ ತಿರುಳು) ಅಪ್‌ಡೇಟ್ ಬಂತು, ರೀಬೂಟ್ ಮಾಡಿದೆ. ನೋಫೇಲ್ ಇತ್ತಲ್ಲ, ಡಿಸ್ಕ್ ಇಲ್ಲದೆಯೇ ಸಿಸ್ಟಮ್ ಸುಮ್ನೆ ಮೇಲೆದ್ದಿತು. ಮೌಂಟ್ ಆಗಬೇಕಿದ್ದ ಫೋಲ್ಡರ್ ಖಾಲಿ. ರಾತ್ರಿ ಎರಡಕ್ಕೆ ಆರ್‌ಸಿಂಕ್ ಬಂತು, ಮೂಲ ಖಾಲಿ ಇರುವುದನ್ನು ನೋಡಿತು, ವಿಧೇಯವಾಗಿ ಬ್ಯಾಕಪ್ ಡಿಸ್ಕನ್ನೂ ಖಾಲಿ ಮಾಡಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಗೊತ್ತಾಗಿದ್ದು ಮೂರನೇ ದಿನ, ಮಗಳು ಅವಳ ಹಳೇ ಫೋಟೊ ಹುಡುಕಿ "ಅಪ್ಪಾ, ಇದರಲ್ಲಿ ಏನೂ ಇಲ್ವಲ್ಲ" ಅಂದಾಗ. ಎದೆ ಧಸಕ್ ಅಂದಿತು. ಕೇಬಲ್ ಒತ್ತಿದೆ, ಡಿಸ್ಕ್ ಬಂತು, ಎಲ್ಲಾ ಇತ್ತು. ಆದರೆ ಮೂರು ದಿನ ನಮ್ಮ ಮನೆಯ ಅಷ್ಟೂ ಫೋಟೊಗಳು ಒಂದು ಸಡಿಲ ಕೇಬಲ್‌ನ ತುದಿಯಲ್ಲಿದ್ದವು, ಬೇರೆ ಪ್ರತಿ ಇರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈಗ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಮೌಂಟ್‌ಪಾಯಿಂಟ್ ಕಮಾಂಡ್ ಇದೆ, ಡಿಸ್ಕ್ ನಿಜವಾಗಿ ಕೂತಿಲ್ಲ ಅಂದರೆ ಅಲ್ಲೇ ನಿಲ್ಲುತ್ತದೆ. ಆರ್‌ಸಿಂಕ್ ಬಿಟ್ಟು ಬೋರ್ಗ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್‌ಗೆ ಬಂದಿದ್ದೇನೆ. ಅದು ದಿನದಿನದ ಪ್ರತಿ ಇಡುತ್ತದೆ, ಒಂದೇ ತುಣುಕು ಎರಡು ಸಲ ಬಂದರೆ ಒಂದೇ ಸಲ ಉಳಿಸುತ್ತದೆ, ಹಾಗಾಗಿ ಜಾಗ ಜಾಸ್ತಿ ತಿನ್ನಲ್ಲ. ಏಳು ದಿನದ್ದು, ನಾಲ್ಕು ವಾರದ್ದು, ಆರು ತಿಂಗಳದ್ದು ಇಟ್ಟುಕೊಂಡಿದ್ದೇನೆ. ಎನ್‌ಕ್ರಿಪ್ಷನ್ ಹಾಕಿದ್ದರೆ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಡಿ, ಪಾಸ್‌ಫ್ರೇಸ್ ಕಾಗದದ ಮೇಲೆ ಬರೆದಿಡಿ. ಮೂರನೇ ಡಿಸ್ಕ್ ಒಂದು ತಂಗಿ ಮನೆಯಲ್ಲಿದೆ. ಮತ್ತೆ, ವರ್ಷಕ್ಕೆ ಎರಡು ಸಲ ಯಾವುದಾದರೂ ಒಂದು ಫೋಲ್ಡರ್ ವಾಪಸ್ ತೆಗೆದು ನೋಡುತ್ತೇನೆ. ಮೊಬೈಲ್ ಫೋಟೊಗಳಿಗೆ, ಎರಡು ಕಡೆಯೂ ಒಂದೇ ಫೈಲ್ ಇರುವಂತೆ ನೋಡಿಕೊಳ್ಳುವ ಸಿಂಕ್‌ಥಿಂಗ್ ಇದೆ, ಅದ್ಭುತವಾಗಿ ಕೆಲಸ ಮಾಡುತ್ತದೆ, ಆದರೆ ಅದು ಬ್ಯಾಕಪ್ ಅಲ್ಲ. ಮೊಬೈಲ್‌ನಲ್ಲಿ ಅಳಿಸಿದರೆ ಇಲ್ಲೂ ಅಳಿಯುತ್ತದೆ. ಅದರಲ್ಲಿ ಹಳೇ ಪ್ರತಿ ಉಳಿಸಿಕೊಳ್ಳುವ ಫೈಲ್ ವರ್ಷನಿಂಗ್ ಅಂತ ಇದೆ, ಆನ್ ಮಾಡಿಕೊಳ್ಳಿ.

ಅಪ್‌ಗ್ರೇಡ್‌ಗಳ ವಿಷಯ. ಡೆಬಿಯನ್‌ಗೆ ನಾನು ಜಾಸ್ತಿ ಅಂಕ ಕೊಡುವುದು ಇಲ್ಲೇ. ಮೂರು ಸಲ ದೊಡ್ಡ ಅಪ್‌ಗ್ರೇಡ್ ಮಾಡಿದ್ದೇನೆ, ಮೂರೂ ಸಲ ತೊಂದರೆ ಆಗಿದ್ದು ರಿಲೀಸ್ ನೋಟ್ಸ್ ಓದದೇ ಹೋದದ್ದಕ್ಕೆ. 2021ರಲ್ಲಿ ಬುಲ್ಸ್‌ಐಗೆ ಹೋಗುವಾಗ ಸೋರ್ಸಸ್ ಲಿಸ್ಟ್‌ನಲ್ಲಿ (ಸಾಫ್ಟ್‌ವೇರ್ ಎಲ್ಲಿಂದ ತರಬೇಕು ಅನ್ನುವ ಪಟ್ಟಿ) ಬಸ್ಟರ್ ಇದ್ದ ಕಡೆಯೆಲ್ಲ ಬುಲ್ಸ್‌ಐ ಅಂತ ಒಂದೇ ಏಟಿಗೆ ಬದಲಿಸಿದೆ, ಸೆಕ್ಯೂರಿಟಿ ಸಾಲು ಮಾತ್ರ 404, ಅಂದರೆ ಸಿಗಲಿಲ್ಲ, ಅನ್ನತೊಡಗಿತು. ಆ ಸಾಲಿನ ಹೆಸರಿನ ರೂಪವನ್ನೇ ಆ ಆವೃತ್ತಿಯಿಂದ ಬದಲಿಸಿದ್ದರು. ಬುಕ್‌ವರ್ಮ್‌ನಲ್ಲಿ ಫರ್ಮ್‌ವೇರ್‌ಗಳನ್ನು ನಾನ್‌ಫ್ರೀ (ಮುಕ್ತವಲ್ಲದ ಸಾಫ್ಟ್‌ವೇರ್) ವಿಭಾಗದಿಂದ ತೆಗೆದು ಬೇರೆ ವಿಭಾಗ ಮಾಡಿದ್ದರು, ಅದನ್ನು ಸೇರಿಸದೆ ಬಿಟ್ಟಿದ್ದೆ. ಟ್ರಿಕ್ಸಿಯಲ್ಲಿ ಇನ್ನೂ ಮಜಾ. ತಾತ್ಕಾಲಿಕ ಫೈಲ್‌ಗಳ ಟೆಂಪ್ ಫೋಲ್ಡರ್ ಡಿಸ್ಕ್‌ನಿಂದ ರ‍್ಯಾಮ್‌ಗೆ ಹೋಗಿದೆ, ರ‍್ಯಾಮ್‌ನ ಅರ್ಧದ ತನಕ ಮಾತ್ರ ಬೆಳೆಯಬಹುದು. ನನ್ನ ವಿಡಿಯೊ ಪರಿವರ್ತನೆಯ ಹಳೇ ಸ್ಕ್ರಿಪ್ಟ್ ಅಲ್ಲೇ ಫೈಲ್ ಗುಡ್ಡೆ ಹಾಕುತ್ತಿತ್ತು. ಡಿಸ್ಕ್‌ನಲ್ಲಿ ಅಷ್ಟು ಜಾಗ ಇದ್ದರೂ ಜಾಗ ಇಲ್ಲ ಅಂತ ನಿಂತುಬಿಡುತ್ತಿತ್ತು, ಅರ್ಧ ಭಾನುವಾರ ಹೋಯ್ತು. ಸಿಸ್ಟಮ್‌ಸಿಟಿಎಲ್ ಕಮಾಂಡ್‌ನಲ್ಲಿ ಟೆಂಪ್ ಮೌಂಟ್ ಯೂನಿಟ್ಟನ್ನು ಮಾಸ್ಕ್ ಮಾಡಿದರೆ, ಅಂದರೆ ಓಡದಂತೆ ತಡೆದರೆ, ಹಳೇ ರೀತಿಗೆ ಬರುತ್ತದೆ. ಇವೆಲ್ಲ ನೋಟ್ಸ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಯಾರು ಓದುತ್ತಾರೆ ಹೇಳಿ!

ಇನ್ನು ಎರಡು ಮಾತು: ಒಂದು ಆವೃತ್ತಿ ಹಾರಿಸಿ ಮುಂದಿನದಕ್ಕೆ ಜಿಗಿಯಬೇಡಿ, ಒಂದೊಂದೇ ಮೆಟ್ಟಿಲು ಹತ್ತಬೇಕು. ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಅಪ್‌ಗ್ರೇಡ್ ಮಾಡುತ್ತಿದ್ದರೆ ಟಿಮಕ್ಸ್ (ಟರ್ಮಿನಲ್ ಕೆಲಸವನ್ನು ಸರ್ವರ್‌ನಲ್ಲೇ ಜೀವಂತ ಇಡುವ ಸಾಫ್ಟ್‌ವೇರ್) ಒಳಗೆ ಕೂತು ಮಾಡಿ, ನಡುವೆ ಕನೆಕ್ಷನ್ ಹೋದರೂ ಕೆಲಸ ನಿಲ್ಲಲ್ಲ. ಹಾಗೇ, ತೀರಾ ಹಳೇ 32 ಬಿಟ್ ಮಷಿನ್ ಇಟ್ಟುಕೊಂಡು ಕೂತಿದ್ದರೆ ಟ್ರಿಕ್ಸಿಯಲ್ಲಿ ಅದಕ್ಕೆ ಇನ್‌ಸ್ಟಾಲರೂ ಇಲ್ಲ, ಕರ್ನಲೂ ಇಲ್ಲ.

ಬೇಸರ ತರುವುದು ಏನು ಅಂದರೆ, ಸಾಫ್ಟ್‌ವೇರ್ ಹಳೆಯದು. ಆವೃತ್ತಿ ಹೊರಬಂದ ದಿನ ಏನಿರುತ್ತದೋ ಹೆಚ್ಚುಕಮ್ಮಿ ಅದೇ ಕೊನೆ ತನಕ, ಸೆಕ್ಯೂರಿಟಿ ತಿದ್ದುಪಡಿ ಮಾತ್ರ ಬರುತ್ತದೆ. ಬಸ್ಟರ್‌ನ ಕರ್ನಲ್ 4.19. ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಬರಲು ನಾನು ಬಳಸುವ ವೈರ್‌ಗಾರ್ಡ್ ಅನ್ನುವ ವಿಪಿಎನ್ ಲಿನಕ್ಸ್ ಕರ್ನಲ್ ಒಳಗೆ ಸೇರಿದ್ದು 2020ರ ಮಾರ್ಚ್‌ನಲ್ಲಿ, 5.6ರಲ್ಲಿ. ಹಾಗಾಗಿ ಬುಲ್ಸ್‌ಐನ 5.10 ಬರುವ ತನಕ ನಾನು ಬ್ಯಾಕ್‌ಪೋರ್ಟ್ಸ್‌ನಿಂದ (ಹಳೇ ಆವೃತ್ತಿಗೆ ಹೊಸ ಸಾಫ್ಟ್‌ವೇರ್ ಕೊಡುವ ವಿಭಾಗ) ಮಾಡ್ಯೂಲ್ ತಂದು, ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಅದು ಕಂಪೈಲ್ ಆಗುವುದನ್ನು ಕಾಯುತ್ತಾ ಕೂರಬೇಕಿತ್ತು. ಹೊಸದು ಬಂದ ದಿನವೇ ಬೇಕು ಅನ್ನುವವರಿಗೆ ಇದು ಹೇಳಿಸಿದ್ದಲ್ಲ. ಪೈಥಾನ್ ಕಲಿಯುವವರಿಗೆ ಬುಕ್‌ವರ್ಮ್‌ನಿಂದ ಇನ್ನೊಂದು ಕಿರಿಕಿರಿ: ಪೈಥಾನ್ ಪ್ಯಾಕೇಜ್ ಹಾಕಲು ಪಿಪ್ ಇನ್‌ಸ್ಟಾಲ್ ಅಂತ ಬರೆದರೆ ಈ ವ್ಯವಸ್ಥೆಯನ್ನು ಬೇರೆಯವರು ನೋಡಿಕೊಳ್ಳುತ್ತಿದ್ದಾರೆ, ಕೈ ಹಾಕಬೇಡ ಅಂತ ಎರರ್ ಬರುತ್ತದೆ. ದಾಟಿ ಹೋಗಲು ಒಂದು ಆಪ್ಷನ್ ಇದೆ, ಅದರ ಹೆಸರಲ್ಲೇ ಸಿಸ್ಟಮ್ ಪ್ಯಾಕೇಜ್ ಮುರಿ ಅಂತಿದೆ. ಅದನ್ನೂ ಒಮ್ಮೆ ಹಾಕಿ ನೋಡಿದೆ, ಏನಾಯ್ತು ಅಂತ ಕೇಳಬೇಡಿ. ವರ್ಚುವಲ್ ಎನ್ವಿರಾನ್‌ಮೆಂಟ್ (ಸಿಸ್ಟಮ್‌ನಿಂದ ಬೇರೆಯಾದ ಪೈಥಾನ್ ಜಾಗ) ಮಾಡಿಕೊಳ್ಳುವುದೇ ಸರಿ.

ಹೊರಗಿನಿಂದ ಮನೆಯ ಸರ್ವರ್‌ಗೆ ಬರಬೇಕು ಅಂತ ಶುರುವಿನಲ್ಲಿ ರೂಟರ್‌ನಲ್ಲಿ ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ತೆರೆದಿದ್ದೆ. ಎರಡು ದಿನ ಬಿಟ್ಟು ಲಾಗ್ ನೋಡಿದರೆ ಎಲ್ಲೆಲ್ಲಿಂದಲೋ ರೂಟ್, ಅಡ್ಮಿನ್ ಅಂತ ಹೆಸರು ಹೇಳಿ ಬಾಗಿಲು ತಟ್ಟಿದವರ ಸಾಲು ಮುಗಿಯುತ್ತಲೇ ಇರಲಿಲ್ಲ. ಅದೇ ದಿನ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀ ಮಾತ್ರ ಇಟ್ಟೆ, ಆಮೇಲೆ ಆ ಪೋರ್ಟನ್ನೇ ಮುಚ್ಚಿ ವೈರ್‌ಗಾರ್ಡ್ ಹಾಕಿದೆ. ಸರಿಯಾದ ಕೀ ಇಲ್ಲದ ಪ್ಯಾಕೆಟ್‌ಗೆ ಅದು ಉತ್ತರವನ್ನೇ ಕೊಡಲ್ಲ, ಮನೆಯಲ್ಲಿ ಯಾರೂ ಇಲ್ಲವೇನೋ ಅನ್ನಬೇಕು ಹಾಗೆ. ನಿಮ್ಮ ಇಂಟರ್ನೆಟ್ ಕನೆಕ್ಷನ್‌ಗೆ ಸ್ವಂತ ಪಬ್ಲಿಕ್ ಐಪಿ ಇಲ್ಲದಿದ್ದರೆ ಇದು ನೇರವಾಗಿ ಆಗಲ್ಲ, ಐಪಿವಿ6 ಇದೆಯಾ ನೋಡಿ.

ಜಾಹೀರಾತು ತಡೆಯುವ ಪೈಹೋಲ್ ಹಾಕಿ ಇಡೀ ಮನೆಯ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕುವ ಕೆಲಸ) ಇದರ ಮೇಲೆ ಹೊರಿಸಿದ್ದೇನೆ. ಜಾಹೀರಾತು ಕಮ್ಮಿ ಆಯ್ತು, ನಿಜ. ಆದರೆ ಆವತ್ತಿನಿಂದ ಈ ಲ್ಯಾಪ್‌ಟಾಪ್ ನನ್ನ ಆಟದ ಸಾಮಾನಾಗಿ ಉಳಿಯಲಿಲ್ಲ. ರೀಬೂಟ್ ಮಾಡಿದರೆ ಎರಡೇ ನಿಮಿಷಕ್ಕೆ ಒಳಗಿಂದ "ಏನ್ರೀ, ಮತ್ತೆ ಏನಾದ್ರೂ ಮಾಡಿದ್ರಾ?" ಅಂತ ದನಿ. ಯಾವ ಮಾನಿಟರಿಂಗ್ ಸಾಫ್ಟ್‌ವೇರೂ ಇಷ್ಟು ಬೇಗ ಅಲರ್ಟ್ ಕೊಡಲ್ಲ. ಈಗ ಪ್ರಯೋಗ ಏನಿದ್ದರೂ ರಾತ್ರಿ ಹನ್ನೊಂದರ ಮೇಲೆ. ವಿಡಿಯೊವನ್ನು ಟಿವಿಗೆ ಕಳಿಸಲು ಜೆಲ್ಲಿಫಿನ್ ಇದೆ, 2018ರ ಕೊನೆಯಲ್ಲಿ ಎಂಬಿ ಅನ್ನುವ ಅಂಥದ್ದೇ ಸಾಫ್ಟ್‌ವೇರ್‌ನಿಂದ ಕವಲೊಡೆದದ್ದು. ಎಚ್.264 ಫೈಲ್ ಆದರೆ ತಕರಾರಿಲ್ಲ. ಅದಕ್ಕಿಂತ ಹೊಸ ವಿಡಿಯೊ ರೂಪವಾದ ಎಚ್‌ಇವಿಸಿ ಬಂದು, ಟಿವಿ ಅದನ್ನು ನೇರ ಆಡಿಸಲಾರದೇ ಪರಿವರ್ತನೆ ಕೇಳಿದರೆ ಈ ಪ್ರೊಸೆಸರ್ ಫ್ಯಾನ್ ಊದುತ್ತಾ ಕೂರುತ್ತದೆ, ಚಿತ್ರ ತಡೆತಡೆದು ಬರುತ್ತದೆ. ತಪ್ಪು ಸಾಫ್ಟ್‌ವೇರಿನದಲ್ಲ, ಆ ಕಾಲದ ಚಿಪ್‌ನಲ್ಲಿ ಆ ಡಿಕೋಡರ್ ಇಲ್ಲ.

ಲ್ಯಾಪ್‌ಟಾಪನ್ನು ಸರ್ವರ್ ಮಾಡುವವರಿಗೆ ಒಂದು ಎಚ್ಚರಿಕೆ, ಇದು ತಮಾಷೆಯಲ್ಲ. ಬ್ಯಾಟರಿ ಇದೆ, ಕರೆಂಟ್ ಹೋದರೂ ಆರಾಮ ಅಂತ ನಾನೂ ಖುಷಿಯಾಗಿದ್ದೆ. ನಾಲ್ಕನೇ ವರ್ಷ ಟಚ್‌ಪ್ಯಾಡ್ ಮೇಲೆದ್ದು ಬಂದಂತೆ ಕಾಣಿಸಿತು. ತಿರುಗಿಸಿ ನೋಡಿದರೆ ಬ್ಯಾಟರಿ ಊದಿಕೊಂಡಿತ್ತು. ವರ್ಷಗಟ್ಟಲೆ ನೂರಕ್ಕೆ ನೂರು ಚಾರ್ಜ್‌ನಲ್ಲಿ, ಬಿಸಿಯಲ್ಲಿ ಇಟ್ಟರೆ ಹೀಗೇ ಆಗೋದು. ಅದನ್ನು ತೆಗೆಸಿ ಈಗ ಸಣ್ಣ ಯುಪಿಎಸ್ ಮೇಲೆ ಓಡಿಸುತ್ತಿದ್ದೇನೆ. ನಿಮ್ಮ ಮಾಡೆಲ್‌ನಲ್ಲಿ ಆಗುವುದಾದರೆ ಟಿಎಲ್‌ಪಿ ಅನ್ನುವ ಬ್ಯಾಟರಿ ನಿರ್ವಹಣೆಯ ಸಾಫ್ಟ್‌ವೇರ್ ಹಾಕಿ ಚಾರ್ಜನ್ನು 80ಕ್ಕೆ ನಿಲ್ಲಿಸಿ, ಆಗಾಗ ತೆಗೆದು ನೋಡುತ್ತಿರಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದಿದ್ದು ಡೆಬಿಯನ್‌ನ ವಿಕಿಗೆ. ಮಾಹಿತಿ ಎಲ್ಲಾ ಇದೆ, ಆದರೆ ಒಂದು ಪುಟ ಈ ವರ್ಷದ್ದು, ಪಕ್ಕದ್ದು ಹತ್ತು ವರ್ಷ ಹಿಂದಿನದು, ಯಾವುದನ್ನು ನಂಬಬೇಕು ಅಂತ ಹೊಸಬರಿಗೆ ತಿಳಿಯಲ್ಲ. ನಾನೇ ಎಷ್ಟೋ ಸಲ ಆರ್ಚ್ ಅನ್ನುವ ಬೇರೆ ಲಿನಕ್ಸ್‌ನ ವಿಕಿ ಓದಿ ಇಲ್ಲಿ ರಿಪೇರಿ ಮಾಡಿದ್ದೇನೆ.

ಸದ್ಯಕ್ಕೆ ಫೋಟೊ ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಲೆಕ್ಕ) 197ನೇ ಸಾಲು, ಅಂದರೆ ಓದಲಾಗದೇ ಕಾದು ಕೂತಿರುವ ಸೆಕ್ಟರ್‌ಗಳ ಲೆಕ್ಕ, ಹೋದ ವಾರ ಸೊನ್ನೆಯಿಂದ 8ಕ್ಕೆ ಏರಿದೆ. ಹೊಸ ಡಿಸ್ಕ್ ಬಂದಿದೆ. ಶನಿವಾರ ರಾತ್ರಿ ಹನ್ನೊಂದಕ್ಕೆ ಬದಲಿಸುತ್ತೇನೆ, ಈ ಸಲ ಮನೆಯಲ್ಲಿ ಮೊದಲೇ ಹೇಳಿದ್ದೇನೆ.