ಮುಖ ಬಿಡಿಸುವ ಎಐ, ಹಲ್ಲು ಹೋಲಿಸುವ ಎಐ: ನನ್ನ ಮತ ಹಲ್ಲಿಗೇ

ಗುರುತು ಸಿಗದ ಅಸ್ಥಿಗಳ ಕೆಲಸಕ್ಕೆ ನಾನು ಎರಡು ಎಐ ಸಾಫ್ಟ್‌ವೇರ್ ಬಳಸಿ ನೋಡಿದೆ. ಒಂದು ತಲೆಬುರುಡೆಯ ಸ್ಕ್ಯಾನ್ ನೋಡಿ ಮುಖ ಬಿಡಿಸುತ್ತದೆ. ಇನ್ನೊಂದು ಸತ್ತವರ ಹಲ್ಲಿನ ಎಕ್ಸ್-ರೇಯನ್ನು ಕಾಣೆಯಾದವರ ಹಳೇ ಎಕ್ಸ್-ರೇಗಳ ಜೊತೆ ಹೋಲಿಸುತ್ತದೆ. ಮೊದಲು ಮುಖದ್ದನ್ನು ಕೊಂಡೆವು. ಅಲ್ಲೇ ತಪ್ಪಿದ್ದು.

ತುಟಿ, ಕಿವಿ, ಮೂಗಿನ ತುದಿ ಹೇಗಿದ್ದವು ಅಂತ ಮೂಳೆ ಪೂರ್ತಿ ಹೇಳುವುದಿಲ್ಲ. ಉಳಿದದ್ದನ್ನು ಎಐ ತಾನು ಕಲಿತ ಫೋಟೊಗಳಿಂದ ತುಂಬುತ್ತದೆ. ಒಂದೇ ಬುರುಡೆಯನ್ನು 3 ಸಲ ಕೊಟ್ಟೆ, 3 ಬೇರೆ ಮುಖ ಬಂದವು. ಮಗನನ್ನು ಹುಡುಕುತ್ತಿರುವ ತಾಯಿಗೆ ಯಾವುದನ್ನು ತೋರಿಸಲಿ?

ಹಲ್ಲು ಹಾಗಲ್ಲ. ಬೆಂಕಿಗೂ ಸುಲಭವಾಗಿ ಬಗ್ಗುವುದಿಲ್ಲ. ಇಂಟರ್‌ಪೋಲ್ ಕೂಡ ಗುರುತಿಗೆ ಮುಖ್ಯ ಆಧಾರ ಅನ್ನುವುದು ಬೆರಳಚ್ಚು, ಹಲ್ಲು, ಡಿಎನ್‌ಎ ಇವನ್ನೇ.

ಆದರೆ ಹಲ್ಲಿನ ಎಐ ಕೂಡ ನನ್ನನ್ನು 2 ದಿನ ಸತಾಯಿಸಿತು. ಒಂದು ದವಡೆಯ ಎಕ್ಸ್-ರೇ ಕೊಟ್ಟಿದ್ದೆ. ಎಐ ಕೊಟ್ಟ ಪಟ್ಟಿಯ ಮೊದಲ 10 ಹೆಸರಲ್ಲಿ ಒಂದೂ ಹೊಂದಲಿಲ್ಲ. ಸುಮ್ನೆ ಕೆಳಗೆ ಇಳಿಯುತ್ತಾ ಹೋದೆ. 40ರ ಆಚೆ ಒಂದು ಹಳೇ ಎಕ್ಸ್-ರೇಯಲ್ಲಿ ಕಣ್ಣು ನಿಂತಿತು. ರೂಟ್ ಕೆನಾಲ್ ಮಾಡಿದ ಹಲ್ಲು, ಬೇರಿನ ತುದಿಯಲ್ಲಿ ಫಿಲ್ಲಿಂಗ್ ಕೊಕ್ಕೆಯ ಹಾಗೆ ಬಾಗಿತ್ತು. ನನ್ನ ಕೈಯಲ್ಲಿದ್ದ ದವಡೆಯಲ್ಲೂ ಅದೇ ಕೊಕ್ಕೆ! ಆದರೆ ಇಲ್ಲಿ ಬಲಗಡೆ, ಅಲ್ಲಿ ಎಡಗಡೆ.

ಮೂಲ ಫಿಲಂ ತರಿಸಿದೆ. ಹಲ್ಲಿನ ಫಿಲಂನ ಮೂಲೆಯಲ್ಲಿ ಒಂದು ಸಣ್ಣ ಉಬ್ಬು ಚುಕ್ಕಿ ಇರುತ್ತದೆ. ಉಬ್ಬು ನಮ್ಮ ಕಡೆ ಬರುವಂತೆ ಹಿಡಿದರೆ ಎದುರಿಗೆ ಕೂತವರ ಬಾಯಿ ನೋಡಿದ ಹಾಗೆ. ಯಾರೋ ಅದನ್ನು ತಿರುವಿಟ್ಟು ಸ್ಕ್ಯಾನ್ ಮಾಡಿದ್ದರು. ಸ್ಕ್ಯಾನ್‌ನಲ್ಲಿ ಉಬ್ಬು ಕಾಣುವುದಿಲ್ಲ, ಎಐಗೆ ಗೊತ್ತಾಗುವುದಾದರೂ ಹೇಗೆ ಅಲ್ವಾ? ಸರಿ ಮಾಡಿ ಕೊಟ್ಟ ಕೂಡಲೇ ಆ ಹೆಸರು ಪಟ್ಟಿಯ ಮೇಲಕ್ಕೆ ಬಂತು. ಆಮೇಲೆ ಡಿಎನ್‌ಎ ಕೂಡ ಹೊಂದಿತು. ಈಗ ಪ್ರತಿ ಫಿಲಂನ ಮೂಲೆಯನ್ನೂ ಬೆರಳಲ್ಲಿ ಮುಟ್ಟಿ ನೋಡಿಯೇ ಸ್ಕ್ಯಾನರ್‌ಗೆ ಇಡುತ್ತೇನೆ.

ಹಳೇ ಎಕ್ಸ್-ರೇ ಇಲ್ಲದವರಿಗೆ ಹಲ್ಲಿನ ಎಐ ಕೈಕೊಡುತ್ತದೆ. ಯಾವ ಸುಳಿವೂ ಇಲ್ಲದಾಗ, ಜನರಿಂದ ಸುಳಿವು ಕೇಳೋಕೆ ಮಾತ್ರ ಮುಖದ ಚಿತ್ರ ಉಪಯೋಗ.

ನಮ್ಮ ಬಜೆಟ್‌ನಲ್ಲಿ ವರ್ಷಕ್ಕೆ ಒಂದೇ ಲೈಸೆನ್ಸ್. ನನಗೂ ಎರಡು ಎಕ್ಸ್-ರೇ ಪಕ್ಕಪಕ್ಕ ಇಟ್ಟು ಕಣ್ಣಾರೆ ನೋಡದೆ ವರದಿಗೆ ಸಹಿ ಹಾಕಿ ರೂಢಿಯಿಲ್ಲ. ಮುಖದ ಲೈಸೆನ್ಸ್ ಬಿಟ್ಟು ಹಲ್ಲಿನದ್ದನ್ನು ಇಟ್ಟುಕೊಂಡೆವು. ಜೊತೆಗೆ ಹಳೇ ಫಿಲಂಗಳಿಗೆ ಒಂದು ಒಳ್ಳೆ ಸ್ಕ್ಯಾನರ್ ಕೇಳಿದ್ದೇನೆ.