ಗೂಗಲ್‌ನಲ್ಲಿ ಪುಟ ಕಾಣಬಾರದೇ? ನಾನು ಬಳಸಿ ನೋಡಿದ ದಾರಿಗಳು

ನನ್ನ ಸೈಟಿನಲ್ಲಿ ಹುಡುಕಾಟಕ್ಕೆ ಸಿಗಬಾರದ ಮೂರು ತರಹದ ಸಾಮಾನಿದೆ: ಫಾರ್ಮ್ ತುಂಬಿದ ಮೇಲೆ ಬರುವ ಧನ್ಯವಾದದ ಪುಟ, ಡೀಲರ್‌ಗಳಿಗೆ ಕಳಿಸುವ ರೇಟ್ ಲಿಸ್ಟ್ ಪಿಡಿಎಫ್, ಹೊಸ ಡಿಸೈನ್ ನೋಡುವ ಟೆಸ್ಟ್ ಸೈಟ್.

ಎಲ್ಲರೂ ಮೊದಲು ಹೇಳುವುದು, ಸರ್ಚ್ ಎಂಜಿನ್‌ಗಳಿಗೆ ಸೂಚನೆ ಬರೆದಿಡುವ ಫೈಲ್ ಆದ ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ. 1994ರಿಂದ ಇರುವ ಪದ್ಧತಿ. ಒಂದು ಡಿಸ್‌ಅಲೋ ಸಾಲು ಬರೆದರೆ ಮುಗೀತು. ಆದರೆ ಆ ಸಾಲು ಹೇಳುವುದು 'ಈ ಪುಟ ಓದಬೇಡ' ಅಂತ, 'ತೋರಿಸಬೇಡ' ಅಂತ ಅಲ್ಲ. ಬೇರೆ ಸೈಟಿನಿಂದ ಲಿಂಕ್ ಸಿಕ್ಕಿದರೆ ಸಾಕು, ಗೂಗಲ್ ಪುಟವನ್ನು ಓದದೆಯೇ ಅದರ ವಿಳಾಸವನ್ನು ತೋರಿಸಬಹುದು. ನನ್ನ ಧನ್ಯವಾದದ ಪುಟ ಹಾಗೇ ಬಂತು. ವಿವರಣೆಯ ಜಾಗದಲ್ಲಿ, ಈ ಪುಟದ ಮಾಹಿತಿ ಲಭ್ಯವಿಲ್ಲ ಅನ್ನುವ ಒಂದು ಸಾಲು ಮಾತ್ರ. ಇನ್ನೊಂದು ವಿಷಯ, ಈ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು. ಗುಟ್ಟಿನ ಫೋಲ್ಡರ್ ಹೆಸರನ್ನು ಅಲ್ಲಿ ಬರೆಯುವುದು ಬೀಗದ ಕೈ ಎಲ್ಲಿಟ್ಟಿದ್ದೇವೆ ಅಂತ ಬಾಗಿಲಿಗೇ ಅಂಟಿಸಿದ ಹಾಗೆ.

ಧನ್ಯವಾದದ ಪುಟಕ್ಕೆ ಸರಿಹೋದದ್ದು, 'ಫಲಿತಾಂಶದಲ್ಲಿ ತೋರಿಸಬೇಡ' ಅನ್ನುವ ನೋಇಂಡೆಕ್ಸ್ ಟ್ಯಾಗ್. ಪುಟದ ಎಚ್‌ಟಿಎಂಎಲ್ ಕೋಡಿನ ಹೆಡ್ ಭಾಗದಲ್ಲಿ ಒಂದು ಸಾಲು, ಅಷ್ಟೇ. ವರ್ಡ್‌ಪ್ರೆಸ್‌ನಲ್ಲಿ ಯೋಸ್ಟ್ ಪ್ಲಗಿನ್ ಇದ್ದರೆ ಅದನ್ನೂ ಕೈಯಾರೆ ಬರೆಯಬೇಕಿಲ್ಲ. ಒಂದು ಷರತ್ತಿದೆ: ಕ್ರಾಲರ್ (ಪುಟಗಳನ್ನು ಓದುತ್ತಾ ಹೋಗುವ ಸರ್ಚ್ ಎಂಜಿನ್ನಿನ ಪ್ರೋಗ್ರಾಂ) ಪುಟದೊಳಗೆ ಬಂದು ಟ್ಯಾಗ್ ಓದಬೇಕು. ಡಿಸ್‌ಅಲೋ ಹಾಗೇ ಇದ್ದರೆ ಟ್ಯಾಗ್ ಅದರ ಕಣ್ಣಿಗೇ ಬೀಳಲ್ಲ. ಎರಡೂ ಹಾಕಿದರೆ ಭದ್ರತೆ ಜಾಸ್ತಿ ಅಂತ ಅನ್ನಿಸುತ್ತೆ ಅಲ್ವಾ? ಇಲ್ಲಿ ಉಲ್ಟಾ. ಡಿಸ್‌ಅಲೋ ತೆಗೆದು, ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಮತ್ತೆ ಓದುವಂತೆ ಕೋರಿದ ಮೇಲೆ ಪುಟ ಹೋಯಿತು. ನೋಇಂಡೆಕ್ಸನ್ನು ರೋಬೋಟ್ಸ್ ಫೈಲಿನಲ್ಲೇ ಬರೆಯುವ ಹಳೇ ಉಪಾಯವನ್ನು ಈಗಲೂ ಕೆಲವರು ಹೇಳುತ್ತಾರೆ. ಗೂಗಲ್ ಅದನ್ನು 2019ರ ಸೆಪ್ಟೆಂಬರ್ 1ರಿಂದ ಕೈಬಿಟ್ಟಿದೆ.

ಪಿಡಿಎಫ್‌ಗೆ ಹೆಡ್ ಭಾಗವೇ ಇಲ್ಲ. ಅದಕ್ಕೆ ಸರ್ವರ್ ಕಡೆಯಿಂದ ಎಕ್ಸ್-ರೋಬೋಟ್ಸ್-ಟ್ಯಾಗ್ ಅನ್ನುವ ಹೆಡರ್ (ಫೈಲಿನ ಜೊತೆ ಹೋಗುವ ಸೂಚನೆ, ಅದರಲ್ಲೂ ನೋಇಂಡೆಕ್ಸ್ ಅಂತಲೇ ಇರಬೇಕು) ಕಳಿಸಬೇಕು. ಅಪಾಚೆ ಸರ್ವರಿನಲ್ಲಾದರೆ ಡಾಟ್ ಎಚ್‌ಟಿಆಕ್ಸೆಸ್ ಅನ್ನುವ ಸೆಟ್ಟಿಂಗ್ಸ್ ಫೈಲಿನಲ್ಲಿ ಮೂರು ಸಾಲು. ಹಾಕಿದ ಮೇಲೆ ಕರ್ಲ್ ಕಮಾಂಡ್‌ನಿಂದ ಹೆಡರ್ ಬರುತ್ತಿದೆಯಾ ಅಂತ ನೋಡಿ. ಹೆಡರ್ಸ್ ಮಾಡ್ಯೂಲ್ ಆನ್ ಇಲ್ಲದಿದ್ದರೆ ಬರಲ್ಲ.

ಟೆಸ್ಟ್ ಸೈಟಿಗೆ ಮಾತ್ರ ಸುಮ್ನೆ ಪಾಸ್‌ವರ್ಡ್ ಹಾಕಿಬಿಟ್ಟೆ. ಕ್ರಾಲರ್‌ಗೆ 401 (ಅನುಮತಿ ಇಲ್ಲ ಅನ್ನುವ ಉತ್ತರ) ಸಿಗುತ್ತದೆ, ಮಾತು ಮುಗಿಯಿತು. ಕ್ಲೈಂಟ್ ಪಾಸ್‌ವರ್ಡ್ ಮರೆತು ರಾತ್ರಿ ವಾಟ್ಸಾಪ್‌ನಲ್ಲಿ ಕೇಳುವುದೊಂದು ಕಿರಿಕಿರಿ. ಆದರೂ ನಿಜವಾಗಿ ಗುಟ್ಟಾಗಿರಬೇಕಾದದ್ದಕ್ಕೆ ನಾನು ಬೇರೆ ಯಾವುದನ್ನೂ ನಂಬಲ್ಲ. ಕೊನೆಗೆ ರೇಟ್ ಲಿಸ್ಟನ್ನೂ ಪಾಸ್‌ವರ್ಡ್ ಹಿಂದೆಯೇ ಇಟ್ಟೆ. ಹೆಡರ್ ಇದ್ದರೂ ಲಿಂಕ್ ಸಿಕ್ಕವರೆಲ್ಲ ಅದನ್ನು ತೆರೆಯಬಹುದಿತ್ತು.

ಈಗಾಗಲೇ ಫಲಿತಾಂಶದಲ್ಲಿ ಬಂದಿದ್ದು ಅರ್ಜೆಂಟಾಗಿ ಮರೆಯಾಗಬೇಕಾದರೆ ಸರ್ಚ್ ಕನ್ಸೋಲ್‌ನ ರಿಮೂವಲ್ಸ್ ಅನ್ನುವ ಸೌಲಭ್ಯ ಇದೆ. ಬೇಗ ಕೆಲಸ ಮಾಡುತ್ತದೆ, ಆದರೆ ಸುಮಾರು 6 ತಿಂಗಳು ಮಾತ್ರ. ಅಷ್ಟರೊಳಗೆ ನೋಇಂಡೆಕ್ಸೋ ಪಾಸ್‌ವರ್ಡೋ ಹಾಕಿರಬೇಕು, ಇಲ್ಲವಾದರೆ ಪುಟ ವಾಪಸ್ ಬರಬಹುದು. ಬಿಂಗ್‌ಗೆ ಬೇರೆಯಾಗಿಯೇ ಕೋರಿಕೆ ಹಾಕಬೇಕು.